ಮರದ ಎಳೆ, ಮರದ ಹೊಗರು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಪಾಲಿಶ್ ಬಗ್ಗೆ. ಓದುತ್ತ ಹೋದರೆ ಅರ್ಧ ತೊಂದರೆಗಳ ಬೇರು ಹಲಗೆಯಲ್ಲೇ ಇತ್ತು. ಹಾಗಾಗಿ ಮರದಿಂದ ಶುರು ಮಾಡಿ ಡಬ್ಬಿಯ ಕಡೆಗೆ ಬರೋಣ.

ಪ್ರಶ್ನೆ: ತೇಗದ ಒಂದೇ ದಿಮ್ಮಿಯಿಂದ ಸೀಳಿಸಿದ ಎರಡು ಹಲಗೆ. ಒಂದರಲ್ಲಿ ಗೋಪುರ ಗೋಪುರವಾಗಿ ಗೆರೆಗಳು, ಇನ್ನೊಂದರಲ್ಲಿ ಬರೀ ನೇರ ಗೆರೆ. ಮರ ಅದಲು ಬದಲಾಗಿದೆಯೇ? ಮೇಜಿನ ಮೇಲ್ಹಲಗೆಗೆ ಯಾವುದು ಒಳ್ಳೆಯದು?

ಮರ ಅದೇ. ಗರಗಸ ಹೋದ ದಾರಿ ಬೇರೆ. ಹಲಗೆಯ ಮುಖ ಬಿಟ್ಟು ಅದರ ತುದಿ ನೋಡಿ. ಅಲ್ಲಿ ಉಂಗುರದ ಗೆರೆಗಳು ಅಗಲದ ಉದ್ದಕ್ಕೂ ಬಿಲ್ಲಿನ ಹಾಗೆ ಬಾಗಿ ಮಲಗಿದ್ದರೆ ಅದು ಫ್ಲ್ಯಾಟ್ ಸಾನ್. ಕಾಂಡ ಮೇಲೆ ಹೋದಂತೆ ಸಪುರವಾಗುತ್ತದೆ, ಗರಗಸ ಮಾತ್ರ ನೇರ ಹೋಗುತ್ತದೆ. ಹಾಗಾಗಿ ಒಂದೊಂದು ಉಂಗುರವೂ ಓರೆಯಾಗಿ ಕಡಿದುಬಿದ್ದು ಗೋಪುರದ ಆಕಾರ ಬರುತ್ತದೆ. ತುದಿಯಲ್ಲಿ ಗೆರೆಗಳು ನೆಟ್ಟಗೆ ನಿಂತಿದ್ದರೆ, ಅಂದರೆ ಮುಖಕ್ಕೆ 60ರಿಂದ 90 ಡಿಗ್ರಿ ಕೋನದಲ್ಲಿದ್ದರೆ, ಅದು ಕ್ವಾರ್ಟರ್ ಸಾನ್. ಮುಖದ ಮೇಲೆ ನೇರ ಗೆರೆಗಳೇ ಕಾಣುತ್ತವೆ.

ಇದು ಅಂದದ ವಿಷಯ ಮಾತ್ರ ಅಲ್ಲ. ಮರ ಒಣಗುವಾಗ ಉಂಗುರದ ಗುಂಟ ಕುಗ್ಗುವುದು ಹೆಚ್ಚು, ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದು ಅದರ ಸುಮಾರು ಅರ್ಧ. ಉದ್ದಕ್ಕೆ ಕುಗ್ಗುವುದನ್ನು ಲೆಕ್ಕಕ್ಕೇ ಹಿಡಿಯಬೇಕಿಲ್ಲ. ಹಸಿಯಿಂದ ಪೂರ್ತಿ ಒಣಗುವವರೆಗೆ ತೇಗ ಮೊದಲ ದಿಕ್ಕಿನಲ್ಲಿ ಸುಮಾರು ಶೇ. 5.3, ಎರಡನೆಯದರಲ್ಲಿ ಸುಮಾರು ಶೇ. 2.6 ಕುಗ್ಗುತ್ತದೆ. ಈ ಕುಗ್ಗುವಿಕೆ ಶುರುವಾಗುವುದೇ ತೇವಾಂಶ ಶೇ. 28ರ ಆಸುಪಾಸಿಗೆ ಇಳಿದ ಮೇಲೆ. ಈಗ ಲೆಕ್ಕ ಸುಲಭ. 300 ಮಿ.ಮೀ. ಅಗಲದ ಫ್ಲ್ಯಾಟ್ ಸಾನ್ ತೇಗದ ತೇವಾಂಶ ಶೇ. 15ರಿಂದ 10ಕ್ಕೆ ಇಳಿದರೆ 5.3ನ್ನು 28ರಿಂದ ಭಾಗಿಸಿ 5ರಿಂದ ಗುಣಿಸಿ: ಶೇ. 0.95, ಅಂದರೆ 2.8 ಮಿ.ಮೀ. ನೇರ ಗೆರೆಯ ಹಲಗೆಯಾದರೆ 1.4 ಮಿ.ಮೀ. ಅಷ್ಟೇ. ಇದೇ ಅಳತೆಯ ಫ್ಲ್ಯಾಟ್ ಸಾನ್ ಬೀಚ್ ಮರ 6 ಮಿ.ಮೀ. ದಾಟಿಬಿಡುತ್ತದೆ.

ತೇಗ ಸಾಧು ಮರ, ಮೇಜಿಗೆ ಎರಡೂ ಆದೀತು. ಅಗಲವಾದ ಒಂದೇ ಹಲಗೆ ಹಾಕುವುದಾದರೆ ನೇರ ಗೆರೆಯದನ್ನು ಆರಿಸಿ. ಗೋಪುರದ್ದನ್ನು ಹಾಕಿದರೆ ಒಂದು ವಿಷಯ ನೆನಪಿರಲಿ: ಒಣಗುತ್ತ ಹೋದಂತೆ ಉಂಗುರಗಳು ನೆಟ್ಟಗಾಗಲು ನೋಡುತ್ತವೆ, ತೊಗಟೆ ಕಡೆಯ ಮುಖ ತಟ್ಟೆಯ ಹಾಗೆ ಒಳಬಾಗುತ್ತದೆ. ಯಾವುದನ್ನೇ ಹಾಕಿದರೂ ಕೆಳಗಿನ ಚೌಕಟ್ಟಿಗೆ ಅಂಟು ಹಾಕಿ ಕೂರಿಸಬೇಡಿ. ಸ್ಕ್ರೂ ತೂತನ್ನು ಹಲಗೆಯ ಅಗಲದ ದಿಕ್ಕಿಗೆ 5-6 ಮಿ.ಮೀ. ಉದ್ದದ ಸೀಳಾಗಿ ಮಾಡಿ ವಾಷರ್ ಹಾಕಿ. ಹಲಗೆ ಆಡಬೇಕು. ಆಡಲು ಬಿಡದಿದ್ದರೆ ಸೀಳುತ್ತದೆ.

ಪ್ರಶ್ನೆ: ಹಾರ್ಡ್‌ವುಡ್ ಎಂದರೆ ಗಟ್ಟಿ ಮರ, ಸಾಫ್ಟ್‌ವುಡ್ ಎಂದರೆ ಮೆದು ಮರ ತಾನೇ?

ಅಲ್ಲ. ಅದು ಸಸ್ಯಶಾಸ್ತ್ರದ ವಿಂಗಡಣೆ. ಹೂ ಬಿಟ್ಟು ಕಾಯಾಗುವ ಅಗಲೆಲೆಯ ಮರಗಳು ಹಾರ್ಡ್‌ವುಡ್. ಪೈನ್, ದೇವದಾರು, ಯೂ ಥರದವು ಸಾಫ್ಟ್‌ವುಡ್. ಘನ ಮೀಟರಿಗೆ 160 ಕಿಲೋ ಸುಮಾರು ತೂಗುವ, ಉಗುರು ಊರಿದರೆ ಗುಳಿ ಬೀಳುವ ಬಾಲ್ಸಾ ಕೂಡ ಹಾರ್ಡ್‌ವುಡ್ಡೇ. ತೇಗದ್ದು ಸುಮಾರು 650 ಕಿಲೋ, ಬೀಟೆಯದು 800 ದಾಟುತ್ತದೆ. ಕೊಳ್ಳುವಾಗ ಹೆಸರಿನ ವರ್ಗ ಬಿಟ್ಟು ತೂಕ ನೋಡಿ.

ಪ್ರಶ್ನೆ: ಮಹಾಗನಿ ಹಲಗೆಗೆ ಕೀಸುಳಿ ಹಾಕಿದರೆ ಒಂದು ಪಟ್ಟಿ ಕನ್ನಡಿಯಂತಾಗುತ್ತದೆ, ಪಕ್ಕದ ಪಟ್ಟಿಯಲ್ಲಿ ಸಿಬಿರು ಎದ್ದು ಗುಳಿ ಬೀಳುತ್ತದೆ. ಹಲಗೆ ತಿರುಗಿಸಿ ಕೀಸಿದರೆ ಚೆನ್ನಾಗಿದ್ದ ಪಟ್ಟಿ ಕೆಡುತ್ತದೆ. ಏನು ಮಾಡುವುದು?

ನಿಮ್ಮ ಕೈಯಲ್ಲಿ ತಪ್ಪಿಲ್ಲ. ಮಹಾಗನಿ, ಅದರ ಬಳಗದ್ದೇ ಆದ ಬೇವು ಮತ್ತು ಸಪೇಲೆ, ಬೇರೆ ಬಳಗದ ಪಡೌಕ್ ಇವುಗಳಲ್ಲೆಲ್ಲ ನಾರು ಕಾಂಡದ ಸುತ್ತ ಸುರುಳಿಯಾಗಿ ಬೆಳೆಯುತ್ತದೆ. ಕೆಲವು ಕಾಲ ಬಲಕ್ಕೆ ವಾಲಿ, ಆಮೇಲೆ ಎಡಕ್ಕೆ, ಮತ್ತೆ ಬಲಕ್ಕೆ. ಇಂಥ ಮರವನ್ನು ಕ್ವಾರ್ಟರ್ ಸಾನ್ ಮಾಡಿದಾಗ ಎದುರುಬದುರು ದಿಕ್ಕಿಗೆ ವಾಲಿದ ಪದರಗಳು ಪಕ್ಕಪಕ್ಕದಲ್ಲಿ ಪಟ್ಟಿಗಳಾಗಿ ಕಾಣುತ್ತವೆ. ರಿಬ್ಬನ್ ಫಿಗರ್ ಎನ್ನುವುದು ಇದನ್ನೇ. ನೋಡಲು ಬಲು ಚೆಂದ, ಕೀಸಲು ಬಲು ಕಿರಿಕಿರಿ: ಯಾವ ದಿಕ್ಕಿಗೆ ಹೋದರೂ ಅರ್ಧ ಪಟ್ಟಿಗಳಿಗೆ ಅಲಗು ಎದುರು ಬೀಳುತ್ತದೆ.

ಸಿಬಿರು ಏಳುವುದು ಹೇಗೆ ಎಂದು ತಿಳಿದರೆ ಉಪಾಯ ತಾನಾಗಿ ಹೊಳೆಯುತ್ತದೆ. ಅಲಗು ನಾರಿನ ಬುಡಕ್ಕೆ ನುಗ್ಗಿ ಮೇಲೆತ್ತುತ್ತದೆ. ಕತ್ತರಿಸುವ ಮೊದಲೇ ನಾರು ಸೀಳಿ, ಮೈಯ ಮಟ್ಟಕ್ಕಿಂತ ಕೆಳಗೆ ಮುರಿಯುತ್ತದೆ. ಎತ್ತಲು ಆಸ್ಪದವಾಗದಂತೆ ನೋಡಿಕೊಳ್ಳುವುದೇ ಕೆಲಸ. ಅಲಗನ್ನು ಹೊಸದಾಗಿ ಮಸೆಯಿರಿ. ಅಲಗಿನ ಬೆನ್ನಿಗಿರುವ ತಗಡನ್ನು ಅಂಚಿನಿಂದ ಬರೀ 0.2 ಮಿ.ಮೀ. ಹಿಂದಕ್ಕೆ ಕೂರಿಸಿ. ಹೊರಬರುವ ಹೊಟ್ಟು ಆ ತಗಡಿಗೆ ಡಿಕ್ಕಿ ಹೊಡೆದು ಒಡನೆ ಬಾಗುತ್ತದೆ, ಸೀಳು ಮುಂದೆ ಓಡುವುದಿಲ್ಲ. ಹೊಟ್ಟು ಬೆಳಕಿಗೆ ಹಿಡಿದರೆ ಬೆರಳು ಕಾಣುವಷ್ಟು ತೆಳುವಾಗಿರಲಿ. ಇದಕ್ಕೂ ಬಗ್ಗದಿದ್ದರೆ ಅಲಗಿನ ಚಪ್ಪಟೆ ಮುಖಕ್ಕೆ 10-15 ಡಿಗ್ರಿಯ ಕಿರಿದಾದ ಇಳಿಜಾರು ಮಸೆಯಿರಿ. ಸಾಮಾನ್ಯ ಕೀಸುಳಿಯ 45 ಡಿಗ್ರಿ 55-60 ಆಗುತ್ತದೆ. ತಳ್ಳಲು ಭಾರ, ಆದರೆ ನಾರು ಎತ್ತುವುದಿಲ್ಲ.

ಕೊನೆಯ ಕೈ ಸ್ಕ್ರೇಪರಿನದು. ಆಯತಾಕಾರದ ಉಕ್ಕಿನ ತಗಡು, ಅಂಚಿಗೆ ಗಟ್ಟಿ ಉಕ್ಕಿನ ಕಡ್ಡಿ ತೀಡಿ ಎಬ್ಬಿಸಿದ ಕೊಕ್ಕೆಯಂಥ ಸಣ್ಣ ಅಂಚು. ಎರಡು ಹೆಬ್ಬೆರಳಿನಿಂದ ನಡುವೆ ಒತ್ತಿ ಸ್ವಲ್ಪ ಬಾಗಿಸಿ ತಳ್ಳಿದರೆ ಸುರುಳಿ ಹೊಟ್ಟು ಬರಬೇಕು. ಪುಡಿ ಬರುತ್ತಿದ್ದರೆ ಅಂಚು ಸತ್ತಿದೆ ಎಂದರ್ಥ, ಮತ್ತೆ ತೀಡಿ. ಯಂತ್ರದ ಪ್ಲೇನರ್ ಬಳಸುವವರು ಒಂದು ಸಲಕ್ಕೆ ಅರ್ಧ ಮಿ.ಮೀ.ಗಿಂತ ಹೆಚ್ಚು ತೆಗೆಯದೆ, ಹಲಗೆಯನ್ನು ಕೊಂಚ ಓರೆಯಾಗಿ ಬಿಡಿ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ಒಂದೆರಡು ನಿಮಿಷ ಬಿಟ್ಟು ಕೀಸಿದರೆ ನಾರು ಮೆತ್ತಗಾಗಿ ಇನ್ನಷ್ಟು ಸಲೀಸು.

ಪ್ರಶ್ನೆ: ಮೇಪಲ್ ಹಲಗೆಯಲ್ಲಿ ಹುಲಿಯ ಪಟ್ಟೆಯಂಥ ಅಲೆಗಳಿವೆ. ಆಚೆ ನಿಂತರೆ ಕಪ್ಪಾಗಿದ್ದ ಅಲೆ ಈಚೆ ಬಂದರೆ ಬೆಳ್ಳಗೆ! ಕಂದು ಸ್ಟೇನ್ ಹಚ್ಚಿ ನೋಡಿದ ತುಂಡಿನಲ್ಲಿ ಆ ಆಟವೇ ಸತ್ತುಹೋಯಿತು. ಯಾಕೆ?

ಮರದ ನಾರನ್ನು ಒಟ್ಟಿಗೆ ಕಟ್ಟಿದ ಸಣ್ಣ ಕೊಳವೆಗಳ ಕಟ್ಟು ಎಂದುಕೊಳ್ಳಿ. ಕೊಳವೆಯ ಮಗ್ಗುಲು ನಿಮ್ಮ ಕಡೆಗಿದ್ದರೆ ಬೆಳಕು ಪುಟಿದು ಬರುತ್ತದೆ, ಬಾಯಿ ನಿಮ್ಮ ಕಡೆಗಿದ್ದರೆ ಬೆಳಕು ಒಳಗೆ ಇಳಿದು ಕಪ್ಪಾಗಿ ಕಾಣುತ್ತದೆ. ನಾರು ಅಲೆಅಲೆಯಾಗಿ ಬೆಳೆದ ಮರದಲ್ಲಿ ಅಲೆಯ ಏರು ಒಂದು ಥರ, ಇಳಿಜಾರು ಇನ್ನೊಂದು ಥರ ಕಾಣುತ್ತದೆ. ನೀವು ಜಾಗ ಬದಲಿಸಿದರೆ ಏರು ಇಳಿಜಾರು ಅದಲುಬದಲು. ಬೀಟೆಯ ಕಪ್ಪು ಗೆರೆಗಳು ಹೀಗಲ್ಲ. ಅವು ಬಣ್ಣ, ಯಾವ ಕಡೆಯಿಂದ ನೋಡಿದರೂ ಕಪ್ಪೇ. ಅಂದಹಾಗೆ, ಅಚ್ಚು ಹಾಕಿದ ನಕಲಿ ಹಾಳೆಯನ್ನು ಹಿಡಿಯುವ ಸುಲಭ ಪರೀಕ್ಷೆಯೂ ಇದೇ: ಬೆಳಕಿಗೆ ಹಿಡಿದು ತಿರುಗಿಸಿ, ಅಲೆ ಓಡಾಡದಿದ್ದರೆ ಅದು ಮುದ್ರಿಸಿದ್ದು.

ಇನ್ನು ನಿಮ್ಮ ಸ್ಟೇನ್. ಡಬ್ಬಿಯ ತಳದಲ್ಲಿ ಕೆಸರಿನಂತೆ ಕೂರುವ ಬಣ್ಣ ಪಿಗ್ಮೆಂಟ್. ಅದು ಪುಡಿ, ಬೆಳಕನ್ನು ತಡೆಯುತ್ತದೆ. ಅಲೆಯ ಮರಕ್ಕೆ ಅದನ್ನು ಹಚ್ಚುವುದು ರೇಷ್ಮೆಗೆ ಸುಣ್ಣ ಬಳಿದಂತೆ. ಬೇಕಾದದ್ದು ಡೈ, ನೀರಿನಲ್ಲಿ ಅಥವಾ ಸ್ಪಿರಿಟ್ಟಿನಲ್ಲಿ ಪೂರ್ತಿ ಕರಗುವ ಬಣ್ಣ. 220 ನಂಬರಿನ ಸ್ಯಾಂಡ್ ಪೇಪರ್‌ವರೆಗೆ ಉಜ್ಜಿ. ನೀರಿನ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಎದ್ದ ರೋಮವನ್ನು ಅದೇ ನಂಬರಿನಲ್ಲಿ ಹಗುರವಾಗಿ ತೆಗೆಯಿರಿ. ಈಗ ನಿಮಗೆ ಬೇಕಾದದ್ದಕ್ಕಿಂತ ಗಾಢವಾದ ಡೈ ಹಚ್ಚಿ ಒಣಗಿಸಿ. ನಂತರ 320ರಲ್ಲಿ ಉಜ್ಜಿ. ಮಗ್ಗುಲಾಗಿರುವ ನಾರಿನಿಂದ ಬಣ್ಣ ಹೋಗುತ್ತದೆ, ಬಾಯ್ದೆರೆದ ನಾರಿನಲ್ಲಿ ಆಳಕ್ಕೆ ಇಳಿದದ್ದು ಉಳಿಯುತ್ತದೆ. ಅದರ ಮೇಲೆ ತಿಳಿಯಾದ ಎರಡನೇ ಡೈ, ಆಮೇಲೆ ಒಂದು ಕೋಟ್ ಅರಗಿನ ಪಾಲಿಶ್ ಅಥವಾ ಒಣಗುವ ಎಣ್ಣೆ, ಕೊನೆಗೆ ಹೊಳಪಿನ ವಾರ್ನಿಶ್. ಮ್ಯಾಟ್ ವಾರ್ನಿಶ್ ಬೇಡ. ಹೊಳಪು ಕುಂದಿಸಲು ಅದರಲ್ಲಿ ಬೆರೆಸಿರುವ ಪುಡಿ ಮಂಜು ಕವಿದಂತೆ ಮಾಡುತ್ತದೆ. ಮೆತ್ತನೆ ಹೊಳಪೇ ಬೇಕಿದ್ದರೆ ಕೊನೆಯ ಒಂದು ಕೋಟ್ ಮಾತ್ರ ಹಾಗೆ ಮಾಡಿ.

ಪ್ರಶ್ನೆ: ಪೈನ್ ಕಪಾಟಿಗೆ ವಾಲ್‌ನಟ್ ಬಣ್ಣದ ಸ್ಟೇನ್ ಹಚ್ಚಿದೆ. ತೇಪೆ ತೇಪೆಯಾಗಿ ಬಂತು.

ಪೈನಿನ ಮೈಯೆಲ್ಲ ಒಂದೇ ಸಮ ಕುಡಿಯುವುದಿಲ್ಲ. ರಾಳ ಹೆಚ್ಚಿರುವ ಕಡೆ ಕಡಿಮೆ, ನಾರು ಅಡ್ಡಬಿದ್ದ ಕಡೆ ಹೆಚ್ಚು. ಇನ್ನೊಂದು ವಿಚಿತ್ರವನ್ನೂ ಗಮನಿಸಿರಬಹುದು: ಉಂಗುರದ ತಿಳಿ ಭಾಗ ಮೆದು, ಅದೇ ಹೆಚ್ಚು ಬಣ್ಣ ಹೀರುತ್ತದೆ. ಗಾಢವಿದ್ದದ್ದು ತಿಳಿಯಾಗಿ ತಿಳಿಯಿದ್ದದ್ದು ಗಾಢವಾಗಿ, ಹಳೆಯ ಫಿಲ್ಮಿನ ನೆಗೆಟಿವ್ ಥರ ಕಾಣುತ್ತದೆ.

ಮುಂದಿನ ಸಲ ಸ್ಟೇನಿಗೆ ಮೊದಲು ಒಂದು ಲೀಟರ್ ಸ್ಪಿರಿಟ್ಟಿಗೆ 60ರಿಂದ 100 ಗ್ರಾಂ ಮೇಣ ತೆಗೆದ ಚಪಡ (ಚಕ್ಕೆ ರೂಪದ) ಅರಗು ಕರಗಿಸಿ ಒಂದು ತೆಳು ಕೋಟ್ ಕೊಡಿ, 320ರಲ್ಲಿ ಸವರಿ, ಜೆಲ್ ಸ್ಟೇನ್ ಬಳಸಿ. ಜೆಲ್ ಮಂದವಾಗಿರುವುದರಿಂದ ಒಳಗಿಳಿಯದೆ ಮೇಲೆಯೇ ನಿಲ್ಲುತ್ತದೆ. ತುದಿಮುಖಗಳನ್ನು ಉಳಿದದ್ದಕ್ಕಿಂತ ಎರಡು ನಂಬರು ನಯವಾಗಿ ಉಜ್ಜಿ, ಇಲ್ಲದಿದ್ದರೆ ಅವು ಕರಿಕಪ್ಪಾಗುತ್ತವೆ. ಈಗಿನ ಕಪಾಟಿನ ತೇಪೆ ಉಜ್ಜಿದರೆ ಬೇಗ ಹೋಗುವುದಿಲ್ಲ, ಆಳಕ್ಕಿಳಿದಿದೆ. ಇನ್ನೂ ಗಾಢವಾದ ಜೆಲ್ ಹಚ್ಚಿ ಮುಚ್ಚುವುದೇ ವಾಸಿ.

ಪ್ರಶ್ನೆ: ಬೀಟೆ ಪೆಟ್ಟಿಗೆಗೆ ಎಣ್ಣೆ ವಾರ್ನಿಶ್ ಹೊಡೆದು ಆರು ದಿನವಾಯಿತು, ಇನ್ನೂ ಅಂಟಂಟು. ಅದೇ ಡಬ್ಬಿಯ ವಾರ್ನಿಶ್ ಓಕ್ ಮೇಲೆ ಒಂದೇ ದಿನದಲ್ಲಿ ಒಣಗಿತ್ತು.

ಎಣ್ಣೆ ವಾರ್ನಿಶ್ ಆವಿಯಾಗಿಯಷ್ಟೇ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹಿಡಿದು ಗಟ್ಟಿಯಾಗುತ್ತದೆ. ಬೀಟೆಯ ಚೇಗಿನಲ್ಲಿ (ಕಾಂಡದ ನಡುವಿನ ಗಾಢ ಮರದಲ್ಲಿ) ಇರುವ ಸಹಜ ರಾಸಾಯನಿಕಗಳು ಅದೇ ಕ್ರಿಯೆಗೆ ಅಡ್ಡಿ. ಹುಳಹುಪ್ಪಟೆಯಿಂದ ಮರವನ್ನು ಕಾಯುವ ಗುಣವೂ ಇಂಥ ವಸ್ತುಗಳದ್ದೇ. ಕಾದರೆ ಒಣಗೀತು ಎಂದು ಕೂರಬೇಡಿ, ಮೇಲೆ ಇನ್ನೊಂದು ಕೋಟ್ ಅಂತೂ ಬೇಡವೇ ಬೇಡ.

ತಿನ್ನರ್‌ನಲ್ಲಿ ನೆನೆಸಿದ ಬಟ್ಟೆಯಿಂದ ಪೂರ್ತಿ ತೆಗೆದು, ಒಣಗಿದ ಮೇಲೆ 180ರಲ್ಲಿ ಉಜ್ಜಿ. ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಒರೆಸಿ. ಬಟ್ಟೆ ನೇರಳೆ ಕಂದು ಆಗುತ್ತದೆ. ಬಟ್ಟೆ ಬದಲಿಸಿ ಬಣ್ಣ ಕಡಿಮೆಯಾಗುವವರೆಗೆ ಮುಂದುವರಿಸಿ. ಪೆಟ್ಟಿಗೆಯಲ್ಲಿ ಬಿಳಿ ಮರದ ಕೂಡಿಕೆ ಇದ್ದರೆ ಅದರಿಂದ ಹೊರಮುಖವಾಗಿ ಒರೆಸಿ, ಇಲ್ಲವಾದರೆ ಬೀಟೆಯ ಬಣ್ಣ ಅದಕ್ಕೆ ಹತ್ತುತ್ತದೆ, ಮತ್ತೆ ಹೋಗುವುದು ಕಷ್ಟ. ಅಸಿಟೋನ್ ಆರಿದೊಡನೆ, ಅರ್ಧ ಗಂಟೆಯೊಳಗೆ, ಮೇಣ ತೆಗೆದ ಅರಗಿನ ಎರಡು ತೆಳು ಕೋಟ್ ಕೊಡಿ. ತಡ ಮಾಡಿದರೆ ಒಳಗಿನದು ಮತ್ತೆ ಮೇಲಕ್ಕೆ ಬರುತ್ತದೆ. ಅರಗಿನ ಮೇಲೆ ನಿಮ್ಮ ಅದೇ ವಾರ್ನಿಶ್ ಒಣಗುತ್ತದೆ. ಮೇಣವಿರುವ ಅರಗಾದರೆ ಪಾಲಿಯುರಿಥೇನ್ ಹಿಡಿಯದೆ ಸಿಪ್ಪೆ ಏಳಬಹುದು. ಎಣ್ಣೆಯಂಶದ ತೇಗಕ್ಕೆ ಅಂಟು ಹಾಕುವಾಗಲೂ ಒರೆಸುವ ಈ ಉಪಾಯ ಮಾಡಿ. ಬೀಟೆಯ ದೂಳು ಹಲವರಿಗೆ ಚರ್ಮದ ತುರಿಕೆ ತರುತ್ತದೆ, ಮಾಸ್ಕ್ ಹಾಕಿಕೊಂಡೇ ಉಜ್ಜಿ.

ಪ್ರಶ್ನೆ: ಅರಗಿನ ಫ್ರೆಂಚ್ ಪಾಲಿಶ್ ಮನೆಯಲ್ಲೇ ಮಾಡಬಹುದೇ? ಮಳೆಗಾಲದಲ್ಲಿ ಒಮ್ಮೆ ಮಾಡಿದಾಗ ಬೆಳ್ಳಗೆ ಮಂಜು ಕಟ್ಟಿತು.

ಖಂಡಿತ ಮಾಡಬಹುದು. ಕೆಟ್ಟರೆ ಸ್ಪಿರಿಟ್ಟಿನಲ್ಲಿ ಕರಗಿಸಿ ಮತ್ತೆ ಮಾಡಬಹುದಾದ ಫಿನಿಶ್ ಇದು, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಒಂದು ಲೀಟರ್ ಸ್ಪಿರಿಟ್ಟಿಗೆ ಬ್ರಷ್‌ನಲ್ಲಿ ಹಚ್ಚಲು 240 ಗ್ರಾಂ, ಬಟ್ಟೆಯ ಗಂಟಿನಲ್ಲಿ ತೀಡಲು 120ರಿಂದ 180 ಗ್ರಾಂ ಚಪಡ. ಗಾಜಿನ ಭರಣಿಯಲ್ಲಿ ಹಾಕಿ ರಾತ್ರಿಯಿಡೀ ಬಿಡಿ, ನಡುನಡುವೆ ಅಲುಗಿಸಿ, ಬಟ್ಟೆಯಲ್ಲಿ ಸೋಸಿ. ಕರಗಿಸಿದ ಅರಗು ಹಳತಾದಂತೆ ಗಟ್ಟಿಯಾಗುವ ಗುಣ ಕಳೆದುಕೊಳ್ಳುತ್ತದೆ. ಭರಣಿಯ ಮೇಲೆ ತಾರೀಖು ಬರೆದಿಡಿ. ಆರು ತಿಂಗಳು ದಾಟಿದ್ದರೆ ಗಾಜಿನ ಮೇಲೆ ಒಂದು ತೊಟ್ಟು ಬಿಟ್ಟು ಮಾರನೇ ದಿನ ಉಗುರು ಒತ್ತಿ ನೋಡಿ, ಗುರುತು ಬಿದ್ದರೆ ಚೆಲ್ಲಿ.

ನಿಂಬೆಹಣ್ಣಿನ ಗಾತ್ರದ ಹತ್ತಿಯನ್ನು ಹಳೆಯ, ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಕೆಳಮುಖದಲ್ಲಿ ಸುಕ್ಕಿಲ್ಲದ ಗಂಟು ಕಟ್ಟಿ. ಪಾಲಿಶ್ ಹಾಕುವುದು ಒಳಗಿನ ಹತ್ತಿಗೆ, ಬಟ್ಟೆಯನ್ನು ಅದ್ದುವುದಲ್ಲ. ಕಾಗದಕ್ಕೆ ಒತ್ತಿದರೆ ಒದ್ದೆ ಗುರುತು ಮೂಡಬೇಕು, ತೊಟ್ಟಿಕ್ಕಬಾರದು. ವಿಮಾನ ನೆಲ ಮುಟ್ಟಿ ಮೇಲೇಳುವಂತೆ ಚಲಿಸುತ್ತಲೇ ಮುಟ್ಟಿಸಿ, ಚಲಿಸುತ್ತಲೇ ಎತ್ತಿ. ನಡುವೆ ನಿಂತರೆ ಕೆಳಗಿನ ಪದರ ಕರಗಿ ಬಟ್ಟೆ ಅಂಟಿಕೊಳ್ಳುತ್ತದೆ. ಮೊದಲು ನೇರ, ಪದರ ಕಟ್ಟಿದ ಮೇಲೆ ವೃತ್ತ, ಎಂಟರ ಆಕಾರ. ಗಂಟು ಹಿಡಿದುಕೊಳ್ಳುತ್ತಿದೆ ಎನಿಸಿದಾಗ ಒಂದೇ ಒಂದು ತೊಟ್ಟು ಎಣ್ಣೆ ಬೆರಳಿನಿಂದ ಸವರಿ. ಆಗ ಗಂಟಿನ ಹಿಂದೆಯೇ ಉಸಿರು ಬಿಟ್ಟ ಕನ್ನಡಿಯಂತೆ ಒಂದು ಮಸುಕು ಬಾಲ ಮೂಡಿ ಎರಡು ಸೆಕೆಂಡಿನಲ್ಲಿ ಮಾಯವಾಗಬೇಕು. ಬಾಲ ಕಾಣದಿದ್ದರೆ ಗಂಟು ಒಣಗಿದೆ, ಮಾಯವಾಗದೆ ಗೆರೆ ಉಳಿದರೆ ಒದ್ದೆ ಹೆಚ್ಚು. ಈ ಬಾಲ ನೋಡುವುದನ್ನು ಕಲಿತರೆ ಉಳಿದದ್ದು ತಾಳ್ಮೆ. ದಿನಕ್ಕೊಂದು ಅವಧಿ, ನಾಲ್ಕೈದು ದಿನ.

ಮಂಜಿಗೆ ಕಾರಣ ಮಳೆಗಾಲವೇ. ಸ್ಪಿರಿಟ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಪದರದೊಳಗೆ ಕೂರುತ್ತದೆ. ಒಣ ಹವೆಯ ದಿನ ಸ್ಪಿರಿಟ್ ಮಾತ್ರ ಸೋಕಿಸಿದ, ಹೆಚ್ಚೂಕಡಿಮೆ ಒಣ ಎನ್ನಬಹುದಾದ ಗಂಟನ್ನು ಹಗುರವಾಗಿ ಓಡಿಸಿ. ಮೇಲಿನ ಪದರ ಕರಗಿ ತೇವ ಹೊರಟುಹೋಗುತ್ತದೆ. ಬಿಸಿ ಪಾತ್ರೆ, ಮದ್ಯ, ನಿಂತ ನೀರು ಇವು ಅರಗಿಗೆ ಆಗದು. ಊಟದ ಮೇಜಿಗೆ ಇದು ಬೇಡ.

ಪ್ರಶ್ನೆ: ಅಗಸೆ ಎಣ್ಣೆ ಬದಲು ತೆಂಗಿನೆಣ್ಣೆ ಹಚ್ಚಬಹುದೇ?

ಹಚ್ಚಿದ ದಿನ ಚೆನ್ನಾಗಿ ಕಾಣುತ್ತದೆ. ತೆಂಗಿನೆಣ್ಣೆ ಗಾಳಿಗೆ ಗಟ್ಟಿಯಾಗುವ ಜಾತಿಯದಲ್ಲ; ಮರದಲ್ಲಿ ಎಣ್ಣೆಯಾಗಿಯೇ ಉಳಿದು ದೂಳು ಹಿಡಿಯುತ್ತದೆ. ಹಸಿ ಅಗಸೆ ಎಣ್ಣೆಯೂ ವಾರಗಟ್ಟಲೆ ತೆಗೆದುಕೊಳ್ಳುತ್ತದೆ. "ಬಾಯ್ಲ್ಡ್" ಎಂದು ಮಾರುವುದರಲ್ಲಿ ಬೇಗ ಒಣಗಲು ಲೋಹದ ಲವಣ ಬೆರೆಸಿರುತ್ತಾರೆ, ಅದನ್ನು ತನ್ನಿ. ಧಾರಾಳವಾಗಿ ಹಚ್ಚಿ, 15-20 ನಿಮಿಷದ ನಂತರ ಮೇಲೆ ಉಳಿದದ್ದನ್ನೆಲ್ಲ ಒಣ ಬಟ್ಟೆಯಲ್ಲಿ ಒರೆಸಿ. ಒರೆಸದೆ ಬಿಟ್ಟರೆ ಅಂಟು ಪದರ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗದೆ ಕೂಡಿಕೊಂಡು ಕಿಡಿಯಿಲ್ಲದೆಯೇ ಬೆಂಕಿ ಹತ್ತುತ್ತದೆ. ಹೊರಗೆ ಒಂಟಿ ಪದರವಾಗಿ ಹರಡಿ ಗರಿಗರಿಯಾಗುವವರೆಗೆ ಒಣಗಿಸಿ, ಅಥವಾ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ.

ಪ್ರಶ್ನೆ: ಹಲಸಿನ ಮರದ ಹಳದಿ ಬಣ್ಣ ಹಾಗೇ ಉಳಿಯುವಂತೆ ಯಾವ ಪಾಲಿಶ್ ಹಾಕಬೇಕು?

ಅಂಥದ್ದಿಲ್ಲ. ಬೆಳಕಿಗೆ ಹಲಸು ಜೇನು ಕಂದಾಗುತ್ತದೆ, ಪಡೌಕಿನ ಕೆಂಪು ಕಂದಿಗೆ ತಿರುಗುತ್ತದೆ, ವಾಲ್‌ನಟ್ ತಿಳಿಯಾಗುತ್ತದೆ. ಯುವಿ ತಡೆಯುವ ವಾರ್ನಿಶ್ ಇದನ್ನು ನಿಧಾನ ಮಾಡೀತು, ನಿಲ್ಲಿಸದು. ಹಲಸು ಕಂದಾದ ಮೇಲೆಯೇ ಹೆಚ್ಚು ಚೆಂದ ಎಂಬುದು ನಮ್ಮ ಅಭಿಪ್ರಾಯ. ಹೊಸದರಲ್ಲಿ ಅದರ ಮೇಲೆ ಹೂದಾನಿ, ಬಟ್ಟೆ ಇಟ್ಟು ಮರೆಯಬೇಡಿ; ಆ ಆಕಾರ ಹಳದಿಯಾಗಿ ಉಳಿಯುತ್ತದೆ.

ಪ್ರಶ್ನೆ: ಜಾಲಿ ಮರದ ಪೀಠದಲ್ಲಿ ಮೊಳೆಯ ಸುತ್ತ ಮಸಿಯಂಥ ಕಲೆ. ಉಜ್ಜಿದರೂ ಹೋಗುತ್ತಿಲ್ಲ.

ನಿಜಕ್ಕೂ ಮಸಿಯೇ. ಮರದ ಒಗರಿನ ಟ್ಯಾನಿನ್, ಕಬ್ಬಿಣ, ತೇವ ಮೂರೂ ಸೇರಿದರೆ ಕಪ್ಪು ಶಾಯಿ ಹುಟ್ಟುತ್ತದೆ. ಓಕ್‌ನಲ್ಲೂ ಹೀಗೇ. ಮೊಳೆ ಕೀಳಿ, ಹಳೆಯ ಪಾಲಿಶ್ ತೆಗೆಯಿರಿ. ಒಂದು ಲೀಟರ್ ಬಿಸಿ ನೀರಿಗೆ 80-100 ಗ್ರಾಂ ಆಕ್ಸಾಲಿಕ್ ಆಮ್ಲ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ. ಕಲೆಗಷ್ಟೇ ಹಚ್ಚಿದರೆ ಅಲ್ಲಿ ಬಿಳಿ ಚಂದ್ರ ಮೂಡುತ್ತದೆ, ಮುಖಕ್ಕೆಲ್ಲ ಹಚ್ಚಿ. ಒಣಗಿದ ಮೇಲೆ ಮೂರ್ನಾಲ್ಕು ಸಲ ಚೆನ್ನಾಗಿ ತೊಳೆಯಿರಿ. ಇದು ವಿಷ, ಕೈಗೆ ಗ್ಲೌಸ್ ಬೇಕು. ತೊಳೆಯುವ ಮೊದಲು ಸ್ಯಾಂಡ್ ಪೇಪರ್ ಹಾಕಲೇಬೇಡಿ. ಹರಳಿನ ಪುಡಿ ಮೂಗು ಗಂಟಲು ಸುಡುತ್ತದೆ. ಮತ್ತೆ ಜೋಡಿಸುವಾಗ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಕ್ರೂ ಹಾಕಿ. ನೀರಿನ ವಾರ್ನಿಶ್ ಹೊಡೆಯುವುದಿದ್ದರೆ ಕೋಟ್‌ಗಳ ನಡುವೆ ಸ್ಟೀಲ್ ಉಲ್ ಬಳಸಬೇಡಿ, ಅದರ ಒಂದೊಂದು ಎಳೆಯೂ ಒಂದೊಂದು ಕಪ್ಪು ಚುಕ್ಕಿ ಬಿಡುತ್ತದೆ.